ಚಂದಾ ಕಟ್ಟದ ಪೋಷಕರ ಮತ

ಶಾಲೆಯ ಪೋಷಕರ ಸಂಘದಲ್ಲಿ ಮತ ಹಾಕುವ ಹಕ್ಕನ್ನು ಸದಸ್ಯತ್ವದ ಚಂದಾಕ್ಕೆ ಗಂಟುಹಾಕಬಹುದೇ ಎಂಬುದು ಮೇಲ್ನೋಟಕ್ಕೆ ಬೈಲಾದ ಒಂದು ಸಣ್ಣ ಕಲಮಿನ ಪ್ರಶ್ನೆ. ಬಿಡಿಸಿ ನೋಡಿದರೆ ಅದರೊಳಗೆ ರಾಜಕೀಯ ತತ್ತ್ವಶಾಸ್ತ್ರದ ಬಹಳ ಹಳೆಯ ವಿವಾದವೊಂದು ಕೂತಿದೆ. ಒಂದು ಸಮೂಹದ ತೀರ್ಮಾನದಲ್ಲಿ ಒಬ್ಬ ವ್ಯಕ್ತಿಗೆ ಪಾಲು ಬರುವುದು ಯಾವ ಆಧಾರದ ಮೇಲೆ? ಆ ವ್ಯಕ್ತಿ ಸಮೂಹಕ್ಕೆ ಏನನ್ನೋ ಕೊಟ್ಟಿದ್ದಾರೆ ಎಂಬುದರಿಂದಲೋ, ತೀರ್ಮಾನದ ಫಲವನ್ನು ಉಣ್ಣಬೇಕಾದವರು ಅವರೇ ಎಂಬುದರಿಂದಲೋ, ನಿಯಮಗಳಿಗೆ ಒಪ್ಪಿ ಸೇರಿಕೊಂಡರು ಎಂಬುದರಿಂದಲೋ? ಮೊದಲನೆಯದು ಕೊಡುಗೆಯ ವಾದ, ಎರಡನೆಯದು ಬಾಧ್ಯತೆಯ ವಾದ, ಮೂರನೆಯದು ಸಮ್ಮತಿಯ ವಾದ. ಪೋಷಕರ ಸಂಘದಲ್ಲಿ ಈ ಮೂರೂ ಒಟ್ಟಿಗೆ ಬಂದು ತೊಡಕಾಗುತ್ತವೆ.

ಅಮೆರಿಕದ ಪಿಟಿಎ, ಅಂದರೆ ಪೋಷಕರ-ಶಿಕ್ಷಕರ ಸಂಘ, ಇದಕ್ಕೆ ಒಳ್ಳೆಯ ಉದಾಹರಣೆ. ಆಲಿಸ್ ಮೆಕ್‌ಲೆಲನ್ ಬರ್ನಿ ಮತ್ತು ಫೀಬಿ ಹರ್ಸ್ಟ್ 1897ರಲ್ಲಿ ವಾಷಿಂಗ್ಟನ್ನಿನಲ್ಲಿ ಕಟ್ಟಿದ ತಾಯಂದಿರ ರಾಷ್ಟ್ರೀಯ ಕಾಂಗ್ರೆಸ್ ಅದರ ಮೂಲ. ಇಂದು ಅದು ಶಾಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಮಟ್ಟಗಳಲ್ಲಿದೆ. ಶಾಲೆಯ ಘಟಕ ಎತ್ತುವ ಚಂದಾದಲ್ಲಿ ಒಂದು ಪಾಲು ರಾಜ್ಯಕ್ಕೂ ಒಂದು ಪಾಲು ರಾಷ್ಟ್ರೀಯ ಸಂಸ್ಥೆಗೂ ಹೋಗುತ್ತದೆ. ಚಂದಾ ಕಟ್ಟಿದವರು ಸದಸ್ಯರು, ಸದಸ್ಯರಿಗೆ ಮಾತ್ರ ಮತ. ಕ್ಯಾಲಿಫೋರ್ನಿಯದ ಘಟಕಗಳಲ್ಲಿ ಇನ್ನೂ ಒಂದು ಶರತ್ತಿದೆ: ಮತ ಹಾಕುವವರು ಕನಿಷ್ಠ 30 ದಿನಗಳಿಂದ ಸದಸ್ಯರಾಗಿರಬೇಕು. ನ್ಯೂಯಾರ್ಕ್ ನಗರದ ಸಾರ್ವಜನಿಕ ಶಾಲೆಗಳಲ್ಲಿ ಪದ್ಧತಿ ಇದಕ್ಕೆ ತೀರ ವಿರುದ್ಧ. ಅಲ್ಲಿನ ಶಾಲಾ ಆಡಳಿತದ ಎ-660 ಎಂಬ ನಿಯಮಾವಳಿಯ ಪ್ರಕಾರ ಮಗು ದಾಖಲಾಯಿತೆಂದರೆ ತಂದೆ-ತಾಯಿ ಸಂಘದ ಸದಸ್ಯರಾದರು. ಸಂಘ ಚಂದಾ ಕೇಳಬಹುದು, ಆದರೆ ಅದನ್ನು ಸದಸ್ಯತ್ವಕ್ಕೂ ಮತಕ್ಕೂ ಶರತ್ತು ಮಾಡುವಂತಿಲ್ಲ. ಒಂದೇ ದೇಶದಲ್ಲಿ, ಒಂದೇ ಬಗೆಯ ಸಂಘಗಳಲ್ಲಿ ಎರಡು ವಿರುದ್ಧ ನಿಯಮಗಳು ಬಾಳುತ್ತಿರುವುದೇ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ ಎಂಬುದಕ್ಕೆ ಸಾಕ್ಷಿ.

ಕೊಡುಗೆಯ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಣ ಹಾಕದವರು ಬೇರೆಯವರ ಹಣವನ್ನು ಖರ್ಚು ಮಾಡುವ ತೀರ್ಮಾನದಲ್ಲಿ ಕೈ ಎತ್ತಿದರೆ ದುಂದುಗಾರಿಕೆಗೆ ತಡೆ ಎಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದು. ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರಕಟಿಸಿದ ಪ್ರಾತಿನಿಧಿಕ ಸರ್ಕಾರವನ್ನು ಕುರಿತ ಗ್ರಂಥದಲ್ಲಿ ಇದೇ ಕಾರಣಕ್ಕೆ ತೆರಿಗೆ ಕಟ್ಟದವರಿಗೆ ಮತ ಬೇಡವೆಂದ. ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲ. ಯಾರೂ ಮತದಿಂದ ಹೊರಗುಳಿಯಬಾರದೆಂದು, ಕಡುಬಡವನೂ ಕಟ್ಟಬಲ್ಲಂಥ ಸಣ್ಣ ತಲೆಗಂದಾಯವನ್ನು ಎಲ್ಲರ ಮೇಲೂ ಹಾಕಬೇಕೆಂದು ಸೂಚಿಸಿದ. ತಾನು ಮತ ಹಾಕಿ ಮಂಜೂರು ಮಾಡುವ ಹಣದಲ್ಲಿ ತನ್ನದೂ ಒಂದಿಷ್ಟಿದೆ ಎಂಬ ಅರಿವು ಪ್ರತಿಯೊಬ್ಬ ಮತದಾರನಲ್ಲಿರಬೇಕು ಎಂಬುದು ಆತನ ಆಶಯ. ಪಿಟಿಎ ಚಂದಾವನ್ನು ಸಮರ್ಥಿಸುವವರು ಇಂದಿಗೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ: ಮೊತ್ತ ಚಿಕ್ಕದು, ಯಾರಿಗೂ ಭಾರವಾಗದು, ಕಟ್ಟಿದವರಿಗೆ ಸಂಘ ತಮ್ಮದೆನಿಸುತ್ತದೆ.

ಬಾಕಿದಾರನ ಮತ ಕಸಿಯುವ ರೂಢಿ ಮಿಲ್‌ಗಿಂತ ಎಷ್ಟೋ ಹಳೆಯದು. ಪ್ರಾಚೀನ ಅಥೆನ್ಸಿನಲ್ಲಿ ರಾಜ್ಯಕ್ಕೆ ಸಾಲ ಉಳಿಸಿಕೊಂಡ ನಾಗರಿಕ ಅದನ್ನು ತೀರಿಸುವವರೆಗೆ ಸಭೆಯಲ್ಲಿ ಮಾತಾಡುವ, ಮತ ಹಾಕುವ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ತೀರಿಸದೆ ಸತ್ತರೆ ಆ ಕಳಂಕ ಮಕ್ಕಳಿಗೆ ಬರುತ್ತಿತ್ತು. ಭಾರತದಲ್ಲಿ 1860ರ ಸಂಘಗಳ ನೋಂದಣಿ ಕಾಯ್ದೆಯ 15ನೇ ಕಲಮು ಮೂರು ತಿಂಗಳು ಮೀರಿ ಚಂದಾ ಬಾಕಿ ಉಳಿಸಿಕೊಂಡವರಿಗೆ ಮತವಿಲ್ಲ, ಅವರನ್ನು ಸದಸ್ಯರ ಲೆಕ್ಕಕ್ಕೂ ಹಿಡಿಯುವಂತಿಲ್ಲ ಎನ್ನುತ್ತದೆ. ಅಮೆರಿಕದ ಸಂಘ-ಸಂಸ್ಥೆಗಳು ಸಭೆ ನಡೆಸಲು ನೆಚ್ಚಿಕೊಂಡಿರುವ, ಹೆನ್ರಿ ರಾಬರ್ಟ್ 1876ರಲ್ಲಿ ಮೊದಲು ಪ್ರಕಟಿಸಿದ ಸಭಾನಿಯಮಗಳ ಕೈಪಿಡಿಯ ನಿಲುವು ಬೇರೆ. ಬೈಲಾದಲ್ಲಿ ಸ್ಪಷ್ಟವಾಗಿ ಬರೆದಿರದಿದ್ದರೆ, ಪಟ್ಟಿಯಿಂದ ಹೆಸರು ತೆಗೆಯುವವರೆಗೆ ಬಾಕಿದಾರನ ಮತ ಅವನದೇ. ಒಂದು ಕಡೆ ಬಾಕಿ ತಾನಾಗಿಯೇ ಹಕ್ಕನ್ನು ನುಂಗುತ್ತದೆ. ಇನ್ನೊಂದು ಕಡೆ ಹಕ್ಕನ್ನು ತೆಗೆಯಬೇಕಾದರೆ ಸಂಘವೇ ಮುಂದೆ ಬಂದು, ತೆಗೆಯುತ್ತಿದ್ದೇವೆಂದು ಹೇಳಬೇಕು. ಎರಡನೆಯದು ಹೆಚ್ಚು ಸಭ್ಯವಾದ ಕ್ರಮ, ಏಕೆಂದರೆ ಅದರಲ್ಲಿ ಹೊರಗಿಡುವವರು ಹೊಣೆ ಹೊರಬೇಕಾಗುತ್ತದೆ.

ಕೊಡುಗೆಯ ವಾದವನ್ನು ಅದರದೇ ತರ್ಕದಲ್ಲಿ ಕೊನೆಯವರೆಗೂ ಕೊಂಡೊಯ್ದರೆ ಅದು ತಡವರಿಸುತ್ತದೆ. ಕೊಟ್ಟದ್ದಕ್ಕೆ ಮತ ಎಂದಾದರೆ ಹೆಚ್ಚು ಕೊಟ್ಟವರಿಗೆ ಹೆಚ್ಚು ಮತ ಸಲ್ಲಬೇಕು. ಶಾಲೆಗೆ ಕಂಪ್ಯೂಟರ್ ಕೊಠಡಿಯನ್ನೇ ಕಟ್ಟಿಸಿಕೊಟ್ಟ ಪೋಷಕರಿಗೂ ಬರೀ ವಾರ್ಷಿಕ ಚಂದಾ ಕಟ್ಟಿದವರಿಗೂ ಒಂದೊಂದೇ ಮತವೇಕೆ? ಇದನ್ನು ಯಾವ ಪೋಷಕರ ಸಂಘವೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹಾಗೆಯೇ ರಜೆ ಹಾಕಿ ಬಂದು ಶಾಲಾ ವಾರ್ಷಿಕೋತ್ಸವಕ್ಕೆ ಪೆಂಡಾಲು ಕಟ್ಟಿಸಿದವರ, ವಾರವಾರವೂ ಗ್ರಂಥಾಲಯದ ಪುಸ್ತಕಗಳಿಗೆ ರಟ್ಟು ಹಾಕಿದವರ ಕೊಡುಗೆ ರಸೀದಿ ಪುಸ್ತಕದಲ್ಲಿ ಎಲ್ಲಿಯೂ ಕಾಣದು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು ಪೂಜೆಯ ಎತ್ತರಕ್ಕೆ ಏರಿಸಿದ ನಾಡಿನಲ್ಲಿ ಮೈಮುರಿದು ಮಾಡಿದ ಕೆಲಸ ಲೆಕ್ಕಕ್ಕಿಲ್ಲ, ನೋಟು ಮಾತ್ರ ಲೆಕ್ಕಕ್ಕಿದೆ ಎಂಬ ಬೈಲಾ ವಿಚಿತ್ರವಾಗಿ ಕಾಣಬೇಕು. ಹೀಗೆ ನೋಡಿದರೆ ಚಂದಾ ಕೊಡುಗೆಯ ಅಳತೆಯಲ್ಲ. ಉಳಿಯುವುದು ಒಂದೇ ಸಮರ್ಥನೆ: ಅದು ಆಸಕ್ತಿಯ ಗುರುತು, ಸಂಘದ ಬಗ್ಗೆ ಕಾಳಜಿ ಇರುವವರು ಅಷ್ಟಾದರೂ ಕಟ್ಟುತ್ತಾರೆ.

ಈ ಗುರುತು ಎಷ್ಟು ನಂಬಿಕೆಗೆ ಅರ್ಹ? ವರ್ಜೀನಿಯ ರಾಜ್ಯ ಮತ ಹಾಕಲು ಒಂದೂವರೆ ಡಾಲರಿನ ತಲೆಗಂದಾಯ ವಿಧಿಸುತ್ತಿತ್ತು. ಆ ಕಾಲಕ್ಕೂ ದೊಡ್ಡ ಮೊತ್ತವೇನಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1966ರಲ್ಲಿ, ಹಾರ್ಪರ್ ಮೊಕದ್ದಮೆಯಲ್ಲಿ, ಅದನ್ನು ರದ್ದು ಮಾಡಿತು. ಶುಲ್ಕ ಕಟ್ಟುವ ಶಕ್ತಿಗೂ ಮತದಾರನ ಅರ್ಹತೆಗೂ ಸಂಬಂಧವಿಲ್ಲ, ಮೊತ್ತ ಎಷ್ಟು ಎಂಬುದು ಮುಖ್ಯವೇ ಅಲ್ಲ ಎಂಬುದು ತೀರ್ಪಿನ ತಿರುಳು. ಅದಕ್ಕೂ ಮೊದಲು, 1919ರಲ್ಲಿ, ಬಿ.ಆರ್. ಅಂಬೇಡ್ಕರ್ ಭಾರತದಲ್ಲಿ ಮತದ ಹಕ್ಕು ಯಾರಿಗಿರಬೇಕೆಂದು ಪರಿಶೀಲಿಸುತ್ತಿದ್ದ ಸೌತ್‌ಬರೋ ಸಮಿತಿಯ ಮುಂದೆ ಇನ್ನೂ ಆಳಕ್ಕೆ ಇಳಿದಿದ್ದರು. ಅಸ್ಪೃಶ್ಯರಿಗೆ ಆಸ್ತಿ ಇಲ್ಲದಿರುವುದು ಸಮಾಜ ಅವರನ್ನು ಕಸುಬು-ವ್ಯಾಪಾರಗಳಿಂದ ದೂರವಿಟ್ಟದ್ದರ ಫಲ. ಹಾಗಿರುವಾಗ ಆಸ್ತಿಯನ್ನೇ ಮತದ ಅರ್ಹತೆಯಾಗಿಸಿದರೆ ಒಂದು ಅನ್ಯಾಯದ ಮೇಲೆ ಇನ್ನೊಂದು ಅನ್ಯಾಯ ಹೇರಿದಂತೆ. ಮತದಾನ ತಾನೇ ಒಂದು ಶಿಕ್ಷಣ, ಮೊದಲು ಯೋಗ್ಯರಾಗಿ ಆಮೇಲೆ ಬನ್ನಿ ಎನ್ನುವುದು ತಿರುಗುಮುರುಗು ಎಂಬ ವಿಚಾರವೂ ಅವರಲ್ಲಿದೆ. ಪೋಷಕರ ಸಂಘಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ಸಭೆಗೆ ಬಂದು ಮಾತಾಡಿ ರೂಢಿಯಿಲ್ಲದ ತಾಯಿಯೊಬ್ಬರು ಚಂದಾ ಬಾಕಿ ಇದೆಯೆಂಬ ಸಂಕೋಚಕ್ಕೆ ಹಿಂದೆ ಸರಿದರೆ, ಅದನ್ನು ಆಸಕ್ತಿಯ ಕೊರತೆ ಎಂದು ದಾಖಲೆ ಹೇಳುತ್ತದೆ. ದಾಖಲೆ ಹೇಳುವುದು ಸುಳ್ಳು.

ಅಮೆರಿಕದ ಪಿಟಿಎ ಇತಿಹಾಸದಲ್ಲೂ ಹೊರಗಿಡುವಿಕೆಯ ಅಧ್ಯಾಯವಿದೆ. ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸಿದ್ದ ರಾಜ್ಯಗಳ ಕಪ್ಪು ಪೋಷಕರಿಗಾಗಿ ಸೆಲೀನಾ ಸ್ಲೋನ್ ಬಟ್ಲರ್ 1926ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಸಂಸ್ಥೆಯನ್ನೇ ಕಟ್ಟಬೇಕಾಯಿತು. ಎರಡೂ ಒಂದಾದದ್ದು 1970ರಲ್ಲಿ. ಅಲ್ಲಿ ಬೇಲಿ ಹಾಕಿದ್ದು ಚಂದಾವಲ್ಲ, ನಿಜ. ಆದರೂ ಪೋಷಕರ ಸಂಘವೆಂಬ ಹೆಸರು ಹೊತ್ತ ಕೂಟ ಎಲ್ಲ ಪೋಷಕರದೂ ತಾನಾಗಿಯೇ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಎರಡನೆಯದು ಬಾಧ್ಯತೆಯ ವಾದ: ತೀರ್ಮಾನ ಯಾರ ಬದುಕನ್ನು ತಟ್ಟುತ್ತದೋ ಅವರಿಗೆ ಅದರಲ್ಲಿ ಮಾತಿರಬೇಕು. ಸಮವಸ್ತ್ರದ ಬದಲಾವಣೆ, ಶಾಲಾ ವಾಹನದ ಹೊತ್ತು, ಪ್ರವಾಸದ ಖರ್ಚು, ಶೌಚಾಲಯದ ಸ್ವಚ್ಛತೆ ಇವೆಲ್ಲ ಚಂದಾ ಕಟ್ಟಿದವರ ಮಗುವಿಗೆ ಒಂದು ರೀತಿ, ಕಟ್ಟದವರ ಮಗುವಿಗೆ ಇನ್ನೊಂದು ರೀತಿ ತಟ್ಟುವುದಿಲ್ಲ. ಬಡವರ ಮಗುವಿಗೇ ಹೆಚ್ಚು ತಟ್ಟೀತು. ಹೊಸ ಸಮವಸ್ತ್ರದ ನಿರ್ಣಯ ಉಳ್ಳವರಿಗೆ ಬಣ್ಣದ ಪ್ರಶ್ನೆ, ಇಲ್ಲದವರಿಗೆ ಒಂದು ತಿಂಗಳ ದಿನಸಿಯ ಪ್ರಶ್ನೆ. ಈ ವಾದದಂತೆ ಪೋಷಕರ ಮತ ಹುಟ್ಟುವುದು ಮಗುವಿನ ದಾಖಲಾತಿಯಲ್ಲಿ. ಬೌದ್ಧ ಸಂಘದ ವಿನಯವೆಂಬ ನಿಯಮಾವಳಿಯಲ್ಲಿ ಇದಕ್ಕೆ ಹತ್ತಿರದ ಕ್ರಮವೊಂದಿದೆ. ಗುರುತಿಸಿದ ಸೀಮೆಯೊಳಗಿರುವ ಭಿಕ್ಷುಗಳೆಲ್ಲ ಸಂಘದ ಕಾರ್ಯಕ್ಕೆ ಸೇರಬೇಕು; ಕಾಯಿಲೆಯಿಂದ ಬರಲಾಗದವನು ತನ್ನ ಒಪ್ಪಿಗೆಯನ್ನು ಇನ್ನೊಬ್ಬನ ಮೂಲಕ ಕಳಿಸಬೇಕು; ಒಮ್ಮತ ಮೂಡದ ಕಡೆ ಶಲಾಕೆಗಳೆಂಬ ಕಡ್ಡಿಗಳನ್ನು ಹಂಚಿ ಬಹುಮತ ತಿಳಿಯುತ್ತಿದ್ದರು. ಹಕ್ಕಿಗೆ ಆಧಾರ ದೀಕ್ಷೆ ಮತ್ತು ಆ ಸೀಮೆಯೊಳಗಿನ ಇರವು. ಸೀಮೆಯಲ್ಲಿರುವ ಒಬ್ಬನನ್ನು ಬಿಟ್ಟು ನಡೆಸಿದ ಕಾರ್ಯಕ್ಕೆ ಸಿಂಧುತ್ವವಿಲ್ಲ ಎಂಬ ಆ ನಿಷ್ಠುರತೆ ಮೆಚ್ಚತಕ್ಕದ್ದು.

ಆದರೆ ಬಾಧ್ಯತೆಯ ವಾದಕ್ಕೂ ತನ್ನದೇ ತೊಡಕುಗಳಿವೆ, ಮುಖ್ಯವಾಗಿ ಗಡಿಯ ತೊಡಕು. ನ್ಯೂಯಾರ್ಕ್ ರಾಜ್ಯದ ಕಾನೂನೊಂದು ಕೆಲವು ಶಾಲಾ ಜಿಲ್ಲೆಗಳ ಚುನಾವಣೆಯಲ್ಲಿ ಮತವನ್ನು ಎರಡು ಬಗೆಯವರಿಗೆ ಮೀಸಲಿಟ್ಟಿತ್ತು: ತೆರಿಗೆಗೆ ಒಳಪಟ್ಟ ಮನೆ-ಜಮೀನನ್ನು ಹೊಂದಿದವರು ಅಥವಾ ಬಾಡಿಗೆಗೆ ಪಡೆದವರು, ಮತ್ತು ಶಾಲೆಯಲ್ಲಿ ಮಕ್ಕಳಿರುವವರು. ತಂದೆ-ತಾಯಿಯ ಮನೆಯಲ್ಲಿದ್ದ, ಮದುವೆಯಾಗದ 31 ವರ್ಷದ ಮಾರಿಸ್ ಕ್ರೇಮರ್ ಅದನ್ನು ಪ್ರಶ್ನಿಸಿದ. 1969ರಲ್ಲಿ ಸುಪ್ರೀಂ ಕೋರ್ಟ್ ಅವನ ಪರ ತೀರ್ಪು ಕೊಟ್ಟಿತು. ಶಾಲೆಯ ವಿಷಯದಲ್ಲಿ ನಿಜವಾದ ಆಸಕ್ತಿಯುಳ್ಳವರನ್ನು ಆಸ್ತಿ ಮತ್ತು ಸಂತಾನದ ಜರಡಿಯಿಂದ ಬೇರ್ಪಡಿಸಲಾಗದು ಎಂದು ನ್ಯಾಯಾಲಯ ಕಂಡಿತು. ಆಸಕ್ತಿಯುಳ್ಳ ಎಷ್ಟೋ ಜನ ಹೊರಗುಳಿಯುತ್ತಿದ್ದರು, ಆಸಕ್ತಿಯಿಲ್ಲದ ಎಷ್ಟೋ ಜನ ಒಳಗಿದ್ದರು. ಶಾಲಾ ಜಿಲ್ಲೆ ಸರ್ಕಾರದ ಅಂಗ, ಪೋಷಕರ ಸಂಘ ಅಲ್ಲ. ಆ ತೀರ್ಪಿಗೆ ಸಂಘ ಬದ್ಧವಲ್ಲ. ಆದರೆ ಅದರಲ್ಲಿರುವ ಎಚ್ಚರಿಕೆ ಸಂಘಕ್ಕೂ ಸಲ್ಲುತ್ತದೆ. ಸಂಘದೊಳಗೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಏಳುತ್ತದೆ: ಮತ ಪೋಷಕರಿಗೊಂದೋ, ಕುಟುಂಬಕ್ಕೊಂದೋ, ಮಗುವಿಗೊಂದೋ? ಒಬ್ಬಂಟಿ ತಾಯಿಗೆ ಒಂದು, ದಂಪತಿಗೆ ಎರಡು ಎಂದರೆ ಮಕ್ಕಳ ನಡುವೆಯೇ ತಾರತಮ್ಯ. ಕುಟುಂಬಕ್ಕೊಂದು ಎಂದರೆ ಬಹಳಷ್ಟು ಮನೆಗಳಲ್ಲಿ ಅದು ಗಂಡಸಿನ ಮತವಾಗುತ್ತದೆ. ಮಗುವನ್ನು ಸಾಕುತ್ತಿರುವ ಅಜ್ಜಿಯನ್ನು ಪೋಷಕರ ಲೆಕ್ಕಕ್ಕೆ ಹಿಡಿಯಲೇಬೇಕು. ಇವಕ್ಕೆಲ್ಲ ಸಂಪೂರ್ಣ ನ್ಯಾಯದ ಉತ್ತರವಿಲ್ಲ. ಒಬ್ಬೊಬ್ಬ ಪೋಷಕರಿಗೂ ಒಂದೊಂದು ಮತ ಎಂಬುದು ಇರುವುದರಲ್ಲಿ ಕಡಿಮೆ ಕೆಡುಕಿನದು.

ಇನ್ನು ಸಮ್ಮತಿಯ ವಾದ. ಪೋಷಕರ ಸಂಘ ಸ್ವಇಚ್ಛೆಯ ಕೂಟ, ಕ್ರೀಡಾ ಕ್ಲಬ್ಬು, ಸಾಹಿತ್ಯ ಸಂಘಗಳಂತೆ ತನ್ನ ಸದಸ್ಯರು ಯಾರೆಂದು ನಿರ್ಧರಿಸುವ ಸ್ವಾತಂತ್ರ್ಯ ಅದಕ್ಕಿದೆ, ಬೇಡವೆಂದವರು ಸೇರದಿರಬಹುದು. ಈ ಮಾತಿನಲ್ಲಿ ಸತ್ಯವಿದೆ. ಎಲ್ಲರನ್ನೂ ತಾನಾಗಿಯೇ ಸದಸ್ಯರೆಂದು ಬರೆದುಕೊಳ್ಳುವುದೂ ನಿರಪಾಯವಲ್ಲ ಎಂಬುದಕ್ಕೆ ಜಪಾನ್ ನಿದರ್ಶನ. ಅಲ್ಲಿ ಎರಡನೆಯ ಮಹಾಯುದ್ಧದ ನಂತರ ಹರಡಿದ ಪಿಟಿಎಗಳಲ್ಲಿ ಮಗು ಶಾಲೆಗೆ ಸೇರಿದೊಡನೆ ಪೋಷಕರನ್ನು ಕೇಳದೆಯೇ ಸೇರಿಸಿಕೊಂಡು ಚಂದಾ ವಸೂಲು ಮಾಡುವ ರೂಢಿ ಬೇರೂರಿತು. ಸೇರುವುದು ನಮ್ಮ ಇಷ್ಟವಲ್ಲವೇ ಎಂದು ಪೋಷಕರು ಈಚಿನ ವರ್ಷಗಳಲ್ಲಿ ಬಹಿರಂಗವಾಗಿ ಪ್ರಶ್ನಿಸುತ್ತಿದ್ದಾರೆ. ಹಕ್ಕನ್ನು ಎಲ್ಲರಿಗೂ ಕೊಡುವುದು ಒಂದು, ಹೊರೆಯನ್ನು ಎಲ್ಲರ ಮೇಲೂ ಹೇರುವುದು ಇನ್ನೊಂದು. ಜಪಾನಿನಲ್ಲಿ ಎರಡೂ ಒಂದಾದವು. ಅಮೆರಿಕದ ಬಹಳಷ್ಟು ಪಿಟಿಎಗಳಲ್ಲಿ ಹೊರೆ ಹೊರದವರ ಹಕ್ಕೂ ಹೋಯಿತು.

ಸಮ್ಮತಿಯ ವಾದವನ್ನು ಪರೀಕ್ಷಿಸುವ ಒರೆಗಲ್ಲು ಒಂದಿದೆ: ಸಂಘ ಯಾರ ಹೆಸರಿನಲ್ಲಿ ಮಾತಾಡುತ್ತದೆ? ತನ್ನ ಸದಸ್ಯರ ಹೆಸರಿನಲ್ಲಿ ಮಾತ್ರ ಮಾತಾಡುವ ಕೂಟ ತನಗೆ ಬೇಕಾದಷ್ಟು ಚಂದಾ ಇಡಬಹುದು, ಕಟ್ಟದವರನ್ನು ಬಿಡಬಹುದು. ಆದರೆ ಸಂಘದ ಅಧ್ಯಕ್ಷರು ಮುಖ್ಯಶಿಕ್ಷಕರ ಎದುರು ಕುಳಿತು ಪೋಷಕರ ಅಭಿಪ್ರಾಯ ಹೀಗಿದೆ ಎಂದ ಕ್ಷಣದಲ್ಲಿ, ಆಡಳಿತ ಮಂಡಳಿ ಅದನ್ನು ಪೋಷಕರೆಲ್ಲರ ಒಪ್ಪಿಗೆಯೆಂದು ನಡಾವಳಿಯಲ್ಲಿ ಬರೆದುಕೊಂಡ ಕ್ಷಣದಲ್ಲಿ, ಆ ಕೂಟ ಕ್ಲಬ್ಬಾಗಿ ಉಳಿಯುವುದಿಲ್ಲ. ಅದು ಪ್ರತಿನಿಧಿ ಸಭೆಯಾಗುತ್ತದೆ. ಪ್ರತಿನಿಧಿಯನ್ನು ಆರಿಸುವ ಹಕ್ಕು ಆತ ಯಾರನ್ನು ಪ್ರತಿನಿಧಿಸುತ್ತಾನೋ ಅವರೆಲ್ಲರದು. ಅಮೆರಿಕದ ಪಿಟಿಎಯ ದೋಷ ಇರುವುದು ಇಲ್ಲಿ: ಬೈಲಾದ ಪ್ರಕಾರ ಅದು ಸದಸ್ಯರ ಸಂಘ, ವ್ಯವಹಾರದಲ್ಲಿ ಇಡೀ ಶಾಲೆಯ ಪೋಷಕರ ದನಿ.

ಜರ್ಮನಿಯವರು ಈ ಎರಡನ್ನೂ ಬೇರೆ ಮಾಡಿಟ್ಟಿದ್ದಾರೆ. ಅಲ್ಲಿ ಪ್ರತಿ ಶಾಲೆಯಲ್ಲೂ ರಾಜ್ಯದ ಕಾನೂನಿನಂತೆ ರಚನೆಯಾದ ಪೋಷಕರ ಪ್ರತಿನಿಧಿ ಮಂಡಳಿ ಇರುತ್ತದೆ. ಅದಕ್ಕೆ ಚಂದಾ ಇಲ್ಲ, ಆರಿಸುವವರು ಪೋಷಕರೆಲ್ಲ. ಅದರ ಪಕ್ಕದಲ್ಲೇ ಹಲವು ಶಾಲೆಗಳಲ್ಲಿ ಸಹಾಯಕ ಸಂಘವೊಂದು ಬೇರೆಯಾಗಿರುತ್ತದೆ. ಅದರ ಸದಸ್ಯರು ಚಂದಾ ಕಟ್ಟುತ್ತಾರೆ, ಹಣ ಕೂಡಿಸಿ ಶಾಲೆಗೆ ವಾದ್ಯವನ್ನೋ ಆಟದ ಸಾಮಾನನ್ನೋ ಕೊಡಿಸುತ್ತಾರೆ, ಆ ಹಣದ ಬಗ್ಗೆ ತಮ್ಮೊಳಗೆ ಮತ ಹಾಕುತ್ತಾರೆ. ಪೋಷಕರಾಗಿ ಮಾತಾಡುವ ಹಕ್ಕು ಇವರಿಗೂ ಉಳಿದವರಷ್ಟೇ. ತತ್ತ್ವದ ಗೊಂದಲವೊಂದನ್ನು ಸಂಸ್ಥೆಯ ರಚನೆಯಿಂದಲೇ ಬಿಡಿಸಿದ ಈ ಕ್ರಮ ಎಲ್ಲಕ್ಕಿಂತ ಸಮರ್ಪಕವಾದದ್ದು.

ಹಾಗಾದರೆ ಹಣ ಕೊಟ್ಟವರಿಗೆ ಆ ಹಣದ ಮೇಲೆ ಏನು ಹಕ್ಕು? ಭಗವದ್ಗೀತೆಯ 17ನೇ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪ್ರತಿಫಲದ ಎಣಿಕೆಯಿಲ್ಲದೆ ಕೊಟ್ಟದ್ದು ಸಾತ್ತ್ವಿಕ, ಪ್ರತಿಯಾಗಿ ಏನನ್ನೋ ಬಯಸಿ ಕೊಟ್ಟದ್ದು ರಾಜಸ. ಮತಕ್ಕಾಗಿ ಕೊಟ್ಟ ಹಣ ದಾನದ ಪಂಕ್ತಿಯಿಂದ ಇಳಿದು ಖರೀದಿಯ ಪಂಕ್ತಿಗೆ ಬರುತ್ತದೆ. ಹಾಗೆಂದು ಕೊಟ್ಟವರು ಬಾಯಿ ಮುಚ್ಚಿಕೊಂಡಿರಬೇಕೆಂದಲ್ಲ. ಅವರಿಗೆ ಸಲ್ಲಬೇಕಾದದ್ದು ಲೆಕ್ಕ. ಪೈಸೆ ಪೈಸೆಗೂ ಲೆಕ್ಕ ಕೇಳುವ ಹಕ್ಕು ಕೊಟ್ಟವರದು, ಒಪ್ಪಿಸುವ ಹೊಣೆ ಖಜಾಂಚಿಯದು. ಕಾಂಚೀಪುರದ ಬಳಿಯ ಉತ್ತರಮೇರೂರಿನ ಹತ್ತನೆಯ ಶತಮಾನದ ಚೋಳ ಶಾಸನ ಈ ವಿಷಯದಲ್ಲಿ ಬೆರಗುಗೊಳಿಸುವಷ್ಟು ನಿಖರವಾಗಿದೆ. ಗ್ರಾಮಸಭೆಯ ಸಮಿತಿಗಳಿಗೆ ಓಲೆಗರಿಯ ಚೀಟಿ ಎತ್ತಿ ಆರಿಸುವ ಆ ವ್ಯವಸ್ಥೆ, ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರನ್ನೂ ಅವರ ಹತ್ತಿರದ ನೆಂಟರನ್ನೂ ಅನರ್ಹರೆಂದಿತು. ಅದೇ ಶಾಸನ ಅಭ್ಯರ್ಥಿಗೆ ತೆರಿಗೆ ಕಟ್ಟುವ ಜಮೀನು ಮತ್ತು ಸ್ವಂತ ಮನೆ ಇರಬೇಕೆಂದೂ ವಿಧಿಸುತ್ತದೆ. ಆ ಕಾಲದ ಮಿತಿ ಅದು. ಇಂದಿನ ಪೋಷಕರ ಸಂಘ ಅದರಲ್ಲಿ ಆಯ್ದುಕೊಳ್ಳಬೇಕಾದದ್ದು ಮೊದಲಿನದನ್ನು: ಅನರ್ಹತೆ ಯಾರಿಗಾದರೂ ಇರಬೇಕಾದರೆ ಅದು ಹಣ ಮುಟ್ಟಿ ಲೆಕ್ಕ ಕೊಡದವರಿಗೆ, ಹಣ ಕೊಡಲಾಗದವರಿಗಲ್ಲ.

ಚಂದಾ ಇಲ್ಲದಿದ್ದರೆ ಸಭೆಗೆ ಬರುವವರೂ ಇರುವುದಿಲ್ಲ ಎಂಬ ಆತಂಕಕ್ಕೆ ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ದಾಖಲಿಸಿದ ಸಂಗತಿಯೊಂದು ಉತ್ತರ ಕೊಡುತ್ತದೆ. ಸಿರಿವಂತರ ಆಳ್ವಿಕೆಯಲ್ಲಿ ಸಭೆಗೆ ಬಾರದ ಸಿರಿವಂತರಿಗೆ ದಂಡ ಹಾಕುತ್ತಿದ್ದರು. ಪ್ರಜಾಪ್ರಭುತ್ವಗಳಲ್ಲಿ ಬಂದ ಬಡವರಿಗೆ ಭತ್ಯೆ ಕೊಡುತ್ತಿದ್ದರು. ಎರಡನ್ನೂ ಬೆರೆಸಿದರೆ ಹದವಾದ ಆಡಳಿತವಾಗುತ್ತದೆ ಎಂಬುದು ಆತನ ಎಣಿಕೆ. ಅಥೆನ್ಸ್ ಕ್ರಿ.ಪೂ. ನಾಲ್ಕನೆಯ ಶತಮಾನದ ಆರಂಭದಲ್ಲಿ ಸಭೆಗೆ ಬಂದವರಿಗೆ ಹಣ ಕೊಡತೊಡಗಿತು. ಭಾಗವಹಿಸಲು ಬಡವರು ತೆರಬೇಕಾದ ಬೆಲೆ ಮೊದಲೇ ಇದೆ, ಅದು ಅವತ್ತಿನ ಕೂಲಿ ಎಂಬುದನ್ನು ಆ ಜನ ಬಲ್ಲವರಾಗಿದ್ದರು. ಅದರ ಮೇಲೆ ಚಂದಾ ಬೇರೆ.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ಒಂದೇ ಬೀದಿಯಲ್ಲಿ ಸಿಗುತ್ತವೆ. ಸರ್ಕಾರಿ ಶಾಲೆಗಳಲ್ಲಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಜನರ ಬಾಯಲ್ಲಿ ಎಸ್‌ಡಿಎಂಸಿಗಳು, ರಚನೆಯಾದವು. ಪೋಷಕರು ತಮ್ಮೊಳಗಿಂದ ಸದಸ್ಯರನ್ನು ಆರಿಸುತ್ತಾರೆ. ಮತಕ್ಕೆ ಚಂದಾ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು, ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕೆಂದು ಹೇಳುತ್ತದೆ. ಊರಿನ ರಾಜಕೀಯ ಎಸ್‌ಡಿಎಂಸಿಯೊಳಗೂ ನುಗ್ಗುತ್ತದೆ, ಸಮಿತಿ ಹೆಸರಿಗಷ್ಟೇ ಇರುವ ಶಾಲೆಗಳೂ ಇವೆ. ಆದರೂ ಮತ ಯಾರಿಗೆ ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರ ಸರಿಯಾದದ್ದು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಆ ಕಲಮು ಅನ್ವಯಿಸುವುದಿಲ್ಲ. ಅಲ್ಲಿ ಪೋಷಕರು ತಾವೇ ಸಂಘ ಕಟ್ಟಿಕೊಳ್ಳಬೇಕು. ಕಟ್ಟುವಾಗ ಮಾದರಿ ಬೈಲಾವೊಂದನ್ನು ನಕಲು ಮಾಡುತ್ತಾರೆ. ಅದರೊಂದಿಗೆ ಬಾಕಿದಾರರಿಗೆ ಮತವಿಲ್ಲವೆಂಬ ಹಳೆಯ ಕಲಮೂ ಯೋಚನೆಯಿಲ್ಲದೆ ಒಳಗೆ ಬರುತ್ತದೆ. ಖಾಸಗಿ ಶಾಲೆಯಲ್ಲೂ ಬಡವರ ಮಕ್ಕಳಿದ್ದಾರೆ: ಅದೇ ಕಾಯ್ದೆಯಡಿ ಶೇಕಡ 25ರ ಮೀಸಲಿನಲ್ಲಿ ಸೇರಿದವರು, ಸಾಲ ಮಾಡಿ ಶುಲ್ಕ ಕಟ್ಟುವ ಮನೆಗಳವರು.

ಇಷ್ಟಾದರೂ ಚಂದಾವನ್ನೇ ಕಿತ್ತುಹಾಕಬೇಕೆಂದೇನೂ ಅಲ್ಲ. ಊರಹಬ್ಬಕ್ಕೆ ವಂತಿಗೆ ಎತ್ತುವಾಗ ಉಳ್ಳವರು ಹೆಚ್ಚು ಕೊಡುತ್ತಾರೆ, ಇಲ್ಲದವರು ತೆಂಗಿನಕಾಯಿಯನ್ನೋ ಒಂದು ದಿನದ ದುಡಿಮೆಯನ್ನೋ ಕೊಡುತ್ತಾರೆ. ಒಂದು ಮನೆಯಿಂದ ವಂತಿಗೆ ತೆಗೆದುಕೊಳ್ಳಲು ನಿರಾಕರಿಸಿದರೆ ಆ ಮನೆಯವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಕೊಡುವುದರಲ್ಲಿ ತಾನೂ ಒಬ್ಬನೆಂಬ ಭಾವವಿದೆ, ಅದನ್ನು ಯಾರಿಂದಲೂ ಕಿತ್ತುಕೊಳ್ಳಬಾರದು. ಬೈಲಾ ಬರೆಯುವ ಪೋಷಕರು ಸದಸ್ಯತ್ವದ ಕಲಮನ್ನೂ ಚಂದಾದ ಕಲಮನ್ನೂ ಬೇರೆ ಬೇರೆ ಬರೆಯಲಿ. ಮೊದಲನೆಯದರಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿರುವ ಪ್ರತಿ ಮಗುವಿನ ಪೋಷಕರೂ ಬಯಸಿದರೆ ಸದಸ್ಯರು, ಸದಸ್ಯರಿಗೆಲ್ಲ ಮತ ಎಂದಿರಲಿ. ಎರಡನೆಯದರಲ್ಲಿ, ಚಂದಾ ಶಕ್ತಿಗೆ ತಕ್ಕಷ್ಟು, ಕೇಳಿದವರಿಗೆ ಕಾರಣ ಕೇಳದೆ ಮನ್ನಾ ಎಂದಿರಲಿ. ಮನ್ನಾ ಆದವರ ಹೆಸರನ್ನು ಖಜಾಂಚಿ ಯಾರಿಗೂ ಹೇಳಕೂಡದು. ಮನ್ನಾ ಆದ ಚಂದಾ ಬಾಕಿಯಲ್ಲವಾದ್ದರಿಂದ ಬಾಕಿದಾರರ ಮತ ಕಸಿಯುವ ಕಲಮು ಅವರನ್ನು ಮುಟ್ಟುವುದಿಲ್ಲ. ವರ್ಷಕ್ಕೊಮ್ಮೆ ಲೆಕ್ಕಪತ್ರ ಸರ್ವಸದಸ್ಯರ ಸಭೆಯ ಮುಂದೆ ಬರಲಿ, ಕೊಟ್ಟವರೂ ಕೊಡದವರೂ ಅದನ್ನು ಓದಿ ಪ್ರಶ್ನೆ ಕೇಳಲಿ.